ಎರಡು ಗೋಡೆಗೆ ಒಂದು ಕಿಟಕಿ

ಶಿಶುವಿಹಾರದ ಹೊಸ ಕಟ್ಟಡ ಲಾರಿಯಲ್ಲಿ ಬರುತ್ತದೆ ಎಂದು ಆಯಮ್ಮ ಹೇಳಿದಾಗ ಅವಳ ಗಂಡ ಪೇಪರಿನಿಂದ ತಲೆಯನ್ನೂ ಎತ್ತಲಿಲ್ಲ. "ಬೀರು ಬರುತ್ತೆ, ಮಂಚ ಬರುತ್ತೆ. ಕಟ್ಟಡ ಎಲ್ಲಾದ್ರೂ ಲಾರಿಲಿ ಬರುತ್ತಾ?" ಎಂದ. ಬರುತ್ತದೆ, ಯಾಕೆ ಬರಬಾರದು? ಒಂದೊಂದು ಕೋಣೆಯನ್ನೂ ಕಾರ್ಖಾನೆಯಲ್ಲೇ ಕಟ್ಟಿ, ನಲ್ಲಿ, ದೀಪ, ಬಣ್ಣ ಎಲ್ಲ ಮುಗಿಸಿ ತರುತ್ತಾರೆ. ಕ್ರೇನಿನಿಂದ ಎತ್ತಿ ಅಕ್ಕಪಕ್ಕ ಕೂರಿಸುತ್ತಾರೆ. ಮಕ್ಕಳ ರಜೆ ಮುಗಿಯುವುದರೊಳಗೆ ಕೆಲಸ ಮುಗಿದಿರುತ್ತದೆ.

ಇಪ್ಪತ್ತೆರಡು ವರ್ಷ ಮಕ್ಕಳ ಮೂಗು ಒರೆಸಿದವಳು ಆಯಮ್ಮ. ಅವಳ ಕೈಯಲ್ಲಿ ಮೂಗು ಒರೆಸಿಕೊಂಡವರೇ ಈಗ ತಮ್ಮ ಮಕ್ಕಳನ್ನು ತಂದು ಬಿಡುತ್ತಾರೆ. ಆದರೆ ಹೋದ ವರ್ಷ ಒಂದು ಮಧ್ಯಾಹ್ನ ಅವಳು ಮಲಗುವ ಕೋಣೆಯಲ್ಲಿ ಒಂದು ಮಗುವನ್ನು ತಟ್ಟಿ ಮಲಗಿಸುತ್ತಿದ್ದಾಗ, ಗೋಡೆಯಾಚೆ ಬಚ್ಚಲಲ್ಲಿ ಇನ್ನೊಂದು ಮಗು ಜಾರಿಬಿದ್ದು ಕೈ ಮುರಿದುಕೊಂಡಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಕೆಲಸ ಬಿಟ್ಟುಬಿಡುವ ಯೋಚನೆ ಅವಳ ತಲೆಯಲ್ಲಿ ಸುತ್ತುತ್ತಲೇ ಇತ್ತು.

ಕೋಣೆಗಳು ಮುಕ್ಕಾಲು ಮುಗಿದಾಗ ದೊಡ್ಡ ಟೀಚರ್ ಎಲ್ಲರನ್ನೂ ಕಾರ್ಖಾನೆಗೆ ಕರೆದುಕೊಂಡು ಹೋದರು. ತಗಡಿನ ದೊಡ್ಡ ಚಾವಣಿಯ ಕೆಳಗೆ ಬಚ್ಚಲು ಒಂದು ಮೂಲೆಯಲ್ಲಿ, ಮಲಗುವ ಕೋಣೆ ಇನ್ನೊಂದು ಮೂಲೆಯಲ್ಲಿ ನಿಂತಿದ್ದವು. ಮೊಣಕಾಲೆತ್ತರದ ಬೇಸಿನ್‌ಗಳನ್ನು ನೋಡಿ ಆಯಮ್ಮನಿಗೆ ಹೃದಯ ತುಂಬಿ ಬಂತು. ಆಮೇಲೆ ಗೋಡೆಯ ಮೇಲೆ ಅಂಟಿಸಿದ ನಕ್ಷೆ ನೋಡಿದಳು. ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಮತ್ತೆ ಅದೇ ಗೋಡೆ.

"ಇಲ್ಲೊಂದು ಕಿಟಕಿ ಬೇಕು," ಎಂದಳು. ಅಲ್ಲಿಯವರೆಗೆ ಹೊಸ ಕಟ್ಟಡದ ಮೀಟಿಂಗುಗಳಲ್ಲಿ ಅವಳು ಬಾಯಿ ತೆರೆದದ್ದು ಟೀ ಕುಡಿಯಲು ಮಾತ್ರ.

ಕಾರ್ಖಾನೆಯ ಇಂಜಿನಿಯರ್ ತಲೆ ಕೆರೆದುಕೊಂಡ. "ಅಮ್ಮಾ, ಅಲ್ಲಿರೋದು ಒಂದು ಗೋಡೆ ಅಲ್ಲ. ಆ ಬಾಕ್ಸಿಗೊಂದು, ಈ ಬಾಕ್ಸಿಗೊಂದು. ಎರಡರಲ್ಲೂ ಬೇರೆಬೇರೆ ಕೊರೀಬೇಕು. ಅಲ್ಲಿ ಹೋಗಿ ಕೂರಿಸಿದಾಗ ಒಂದಕ್ಕೊಂದು ಸೇರದೆ ಹೋದ್ರೆ, ಕಿಟಕಿಯಲ್ಲಿ ಬರೀ ಗೋಡೆ ನೋಡ್ಕೊಂಡು ಕೂರಬೇಕಾಗುತ್ತೆ."

"ಗೋಡೆ ನೋಡಿ ನೋಡಿ ಸಾಕಾಗಿದೆ ಸಾರ್. ಕಿಟಕಿ ಇಲ್ಲ ಅಂದ್ರೆ ನಾನು ಬರಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

ದೊಡ್ಡ ಟೀಚರ್ ಇಂಜಿನಿಯರ್ ಕಡೆ ತಿರುಗಿದರು. ಹೋದ ವರ್ಷ ಕೈ ಮುರಿದುಕೊಂಡ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ. "ಕಿಟಕಿ ಇಡಿ," ಎಂದರು.

ಕಾರ್ಖಾನೆಯ ಬಡಗಿ ಆಯಮ್ಮನನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಅವಳ ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿ ಗೆರೆ ಎಳೆದ. "ನೆಲದಿಂದ ಮೂರಡಿ ಅಕ್ಕಾ," ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಮಲಗುವ ಕೋಣೆಯ ಬಾಕ್ಸಿಗೆ ಹೊರಟ. ಆಯಮ್ಮ ಹಿಂದೆಯೇ ಹೋಗಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

"ಅಣ್ಣಾ, ಸ್ವಲ್ಪ ತಾಳಿ. ಆ ರೂಮಿಗೆ ಹತ್ತೋವಾಗ ಮಂಡಿ ನೋವು ಜೀವ ತೆಗೀತು. ಇಲ್ಲಿ ಅಷ್ಟಿಲ್ಲ."

ಬಡಗಿಗೆ ನಗು ಬಂತು. ಆಮೇಲೆ ಬಗ್ಗಿ ನೋಡಿದವನ ನಗು ಹಾರಿಹೋಯಿತು. ಬಚ್ಚಲಿನ ನೆಲ ಟೈಲ್ಸ್ ಹಾಕಿ ಮುಗಿದಿತ್ತು. ಇಲ್ಲಿ ಹಲಗೆಯನ್ನೂ ಅದರ ಮೇಲಿನ ಮೆತ್ತನೆಯ ಹಾಸನ್ನೂ ಇನ್ನೂ ಹಾಕಿರಲಿಲ್ಲ. ಈ ಬೋಳು ನೆಲದಿಂದ ಮೂರಡಿ ಅಳೆದಿದ್ದರೆ ಕಿಟಕಿ ನಾಲ್ಕು ಬೆರಳು ಕೆಳಗೆ ಬರುತ್ತಿತ್ತು.

"ಅಕ್ಕಾ, ನಿಮ್ಮ ಮಂಡಿನ ನಾವು ಕೆಲಸಕ್ಕೆ ಇಟ್ಕೋಬೇಕು," ಎಂದು, ಎರಡು ಗೋಡೆಯ ಗೆರೆಯನ್ನೂ ಬಾಕ್ಸುಗಳ ಅಡಿಯ ಕಬ್ಬಿಣದ ಚೌಕಟ್ಟಿನಿಂದ ಹೊಸದಾಗಿ ಅಳೆದ. "ಆದರೂ ಕೂರಿಸೋ ತನಕ ನಾನು ಏನೂ ಹೇಳಲ್ಲ," ಎಂದೂ ಸೇರಿಸಿದ.

ಕೂರಿಸುವ ದಿನ ಗಂಡನೂ ಬಂದು ಬಾಯಿ ಬಿಟ್ಟುಕೊಂಡು ನಿಂತ. ಮಲಗುವ ಕೋಣೆ ಆಗಲೇ ಕೂತಿತ್ತು. ಬಚ್ಚಲು, ಅದರೊಳಗಿನ ಅಷ್ಟೂ ಪುಟ್ಟ ಬೇಸಿನ್‌ಗಳ ಸಮೇತ, ಆಕಾಶದಲ್ಲಿ ತೂಗಾಡುತ್ತಿತ್ತು. ಆಯಮ್ಮ ನೋಡಲಾರದೆ ಬೆನ್ನು ತಿರುಗಿಸಿದಳು. ಅವಳ ಮಾತಿಗಾಗಿ ಎರಡು ಒಳ್ಳೆಯ ಗೋಡೆ ಕೊರೆದಿದ್ದಾರೆ. ಸೇರದಿದ್ದರೆ ಯಾವ ಮುಖ ಇಟ್ಟುಕೊಂಡು ಇಲ್ಲಿ ಕೆಲಸ ಮಾಡುವುದು?

ಸಂಜೆ ಬಡಗಿ ಕರೆದ. ಅವಳು ಮಲಗುವ ಕೋಣೆಗೆ ಹೋಗಿ ಕಿಟಕಿಗೆ ಸುತ್ತಿದ್ದ ಪ್ಲಾಸ್ಟಿಕ್ ಎಳೆದಳು. ಆಚೆ ಬೇಸಿನ್‌ಗಳ ಸಾಲು, ನಲ್ಲಿಗಳು, ಸ್ಟೂಲಿನ ಮೇಲೆ ಕೂತ ಬಡಗಿಯ ಮೀಸೆ ಕಂಡವು. "ಒಂದು ಬೆರಳು ಆ ಕಡೆ ಈ ಕಡೆ ಆಗಿದೆ ಅಕ್ಕಾ. ಸುತ್ತ ಮರದ ಪಟ್ಟಿ ಹೊಡೆದ್ರೆ ಮುಚ್ಚಿಹೋಗುತ್ತೆ," ಎಂದ. ಅವಳಿಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಸೋಮವಾರ ಮಧ್ಯಾಹ್ನ ಮಕ್ಕಳು ಮಲಗಿದ್ದರು. ಬಚ್ಚಲಲ್ಲಿ ಆಯಮ್ಮ ಒಂದು ಮಗುವಿನ ಕೈ ತೊಳೆಸಿ ಒಳಗೆ ಕಳಿಸಿ ತಲೆಯೆತ್ತಿದರೆ, ಅಂದೇ ಹೊಸದಾಗಿ ಸೇರಿದ ಪುಟ್ಟ ಹುಡುಗಿ ಕಿಟಕಿಯಾಚೆ ತುದಿಗಾಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಆಯಮ್ಮ ಗಾಜು ಸರಿಸಿದಳು.

"ಯಾಕೆ ಕಂದಾ, ನಿದ್ದೆ ಬರ್ಲಿಲ್ವಾ?"

"ನೀನು ಬಿದ್ದುಗಿದ್ದೀಯ ಅಂತ ನೋಡ್ಕೋತಾ ಇದೀನಿ," ಎಂದಳು ಹುಡುಗಿ.

ಆಯಮ್ಮ ಕೆಳಗೆ ನೋಡಿದಳು. ನೆಲ ನಿಜವಾಗಿಯೂ ಒದ್ದೆಯಾಗಿತ್ತು.