ಬೈಕಿಗೆ ಇಳಿದು ಬಂದ ಹಾಡು

ಐತಪ್ಪನಿಗೆ ರಾಟರ್‌ಡ್ಯಾಮ್ ಬಂದರಿನ ಕಂಪನಿಯೊಂದರಲ್ಲಿ ಕೆಲಸ. ಯಾವ ಕಂಟೇನರ್ ಯಾವ ದೇಶಕ್ಕೆ ಹೋಗಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲ. ಕೊರೊನಾ ಬಂದಮೇಲೆ ಆ ಬಂದರೇ ಅವನ ಊಟದ ಮೇಜಿಗೆ ಬಂದು ಕೂತಿತ್ತು. ಬೆಳಗಾದರೆ ಲ್ಯಾಪ್‌ಟಾಪ್, ಮೀಟಿಂಗ್, ಗಲಾಟೆ. ಪಕ್ಕದ ಅಡುಗೆಮನೆಯಲ್ಲಿ ಹೆಂಡತಿ ಜಯಶೀಲಾ ನೀರುದೋಸೆ ಹೊಯ್ಯುತ್ತ ಗುನುಗುತ್ತಿದ್ದಳು. ಮಂಗಳೂರಿನಲ್ಲಿದ್ದಾಗಿನಿಂದಲೂ ಅವಳ ಅಭ್ಯಾಸ ಅದು. ಪದವೂ ಇಲ್ಲ, ತಾಳವೂ ಇಲ್ಲ.

ಒಂದು ದಿನ ಮೀಟಿಂಗಿನ ನಡುವೆ ಐತಪ್ಪ, "ಸ್ವಲ್ಪ ಬಾಯಿ ಮುಚ್ಚು ಮಾರಾಯ್ತಿ! ಇಲ್ಲಿ ಕೆಲಸ ಉಂಟು!" ಎಂದು ರೇಗಿಬಿಟ್ಟ. ಅಷ್ಟೇ, ಗುನುಗು ನಿಂತಿತು. ಚಳಿಗಾಲವಿಡೀ ಕಳೆದರೂ ಮರಳಲಿಲ್ಲ. ದೋಸೆ ಬರುತ್ತಿತ್ತು, ಚಟ್ನಿ ಬರುತ್ತಿತ್ತು, ಆದರೆ ಐತಪ್ಪನಿಗೆ ಒಂದೂ ರುಚಿಸದು. ತಪ್ಪಾಯಿತು ಎನ್ನಲು ನಾಲಿಗೆ ಹೊರಳಬೇಕಲ್ಲ! ಈ ಗಂಡಸರ ಹಣೆಬರಹವೇ ಇಷ್ಟು, ಕ್ಷಮೆ ಕೇಳುವ ಬದಲು ಏನಾದರೂ ಸಾಮಾನು ತರಿಸುತ್ತಾರೆ.

ಇವನು ತರಿಸಿದ್ದು ಸ್ಯಾಟಲೈಟ್ ರೇಡಿಯೋ. ಬೈಕಿಗೆ ಕಟ್ಟಿದರೆ ಹಾಡು ನೇರ ಆಕಾಶದಿಂದ ಇಳಿಯುತ್ತದಂತೆ. ಅದನ್ನು ಕೇಳಿ ಅವಳೂ ದನಿಗೂಡಿಸಿಯಾಳು ಎಂಬ ಆಸೆ. ಹ್ಯಾಂಡಲಿಗೆ ರೇಡಿಯೋ ಬಿಗಿದ, ಟ್ಯಾಂಕಿನಡಿ ವಯರ್ ಎಳೆದ, ಹಿಂದಿನ ಕ್ಯಾರಿಯರ್ ಮೇಲೆ ಆಂಟೆನಾ ಕೂರಿಸಿದ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲೆಂದು ಎರಡೂ ಹೆಲ್ಮೆಟ್ಟುಗಳಿಗೆ ಸ್ಪೀಕರು, ಮೈಕು ಅಂಟಿಸಿದ.

೨೦೨೧ರ ಏಪ್ರಿಲ್‌ನ ಒಂದು ಸಂಜೆ ಇಬ್ಬರೂ ಹೊರಟರು. ರಸ್ತೆ ಖಾಲಿ. ಎರಡೂ ಕಡೆ ಕಾಲುವೆ. ನೀರಿನಲ್ಲೂ ಮೋಡ, ಮೇಲೂ ಮೋಡ, ನಡುವೆ ಬೈಕು ತೇಲುತ್ತಿರುವ ಹಾಗೆ. ರೇಡಿಯೋ ಮಾತ್ರ ಉಸಿರೆತ್ತಲಿಲ್ಲ. ಬದಿಗೆ ನಿಲ್ಲಿಸಿ ಮೊಬೈಲಿನಲ್ಲಿ ಹುಡುಕಿದ. ಅದು ಅಮೆರಿಕದ ರೇಡಿಯೋ, ಅಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಸದು! ಅಲ್ಲ, ಲೋಕದ ಸಾಮಾನನ್ನೆಲ್ಲ ಸರಿಯಾದ ದೇಶಕ್ಕೆ ಕಳಿಸುವವನಿಗೆ ತನ್ನದೊಂದು ಡಬ್ಬಿ ಎಲ್ಲಿ ಓಡುತ್ತದೆಂದು ನೋಡಿಕೊಳ್ಳಲು ಆಗಲಿಲ್ಲವೇ? ಹೇಳಲು ನಾಚಿಕೆಯಾಗಿ ಮತ್ತೆ ಬೈಕೇರಿ ಮನೆಯತ್ತ ತಿರುಗಿಸಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿವಿಯೊಳಗೆ ಮೆಲ್ಲಗೆ ಶುರುವಾಯಿತು. ಅದೇ ಗುನುಗು. ಮೈಕು ಇರುವುದನ್ನು ಮರೆತು ಜಯಶೀಲಾ ಮೋಡ ನೋಡುತ್ತ ಹಾಡಿಕೊಳ್ಳುತ್ತಿದ್ದಳು. ಐತಪ್ಪನ ಕಣ್ಣು ಮಂಜಾಯಿತು. ಮನೆಯ ತಿರುವು ಬಂತು, ಹೋಯಿತು, ಅವನು ತಿರುಗಿಸಲಿಲ್ಲ. ದನ, ದೋಣಿ, ಗಾಳಿಯಂತ್ರ ಎಲ್ಲವೂ ಆ ರಾಗದ ಜೊತೆಗೇ ಹಿಂದೆ ಸರಿದವು.

ಕೊನೆಗೆ ಮನೆ ಮುಂದೆ ಇಳಿದಾಗ ಅವಳು ಕೇಳಿದಳು, "ರೇಡಿಯೋ ಎಂತಾಯ್ತು ಮಾರಾಯ್ರೆ? ನನಗೆಂತದೂ ಕೇಳ್ಲಿಲ್ಲ."

"ಅದು ಅಮೆರಿಕದ್ದು, ಇಲ್ಲಿ ಬರುದಿಲ್ಲ. ನಿನ್ನ ಹಾಡು ಕೇಳಿತು."

"ಅಯ್ಯೋ! ಮೈಕು ಆನ್ ಇತ್ತಾ?"

"ಇತ್ತು. ಅವತ್ತು ನಾನು ಹಾಗೆ ಹೇಳ್ಬಾರದಿತ್ತು ಜಯಾ."

ಅವಳು ಅವನ ಹೆಲ್ಮೆಟ್ಟಿಗೊಂದು ಮೊಟಕಿ ಒಳಗೆ ಹೋದಳು.

ಮರುದಿನ ಮೀಟಿಂಗಿನ ನಡುವೆ ಅಡುಗೆಮನೆಯಿಂದ ಹಾಡು ಬಂತು. "ಯಾರ ಮನೆಯಲ್ಲಿ ರೇಡಿಯೋ ಹಾಡುತ್ತಿದೆ?" ಎಂದು ಪರದೆಯ ಮೇಲಿನ ಮೇಲಧಿಕಾರಿ ಕೇಳಿದಳು. ಐತಪ್ಪನ ಬೆರಳು ಮ್ಯೂಟ್ ಗುಂಡಿಯ ತನಕ ಹೋಗಿ ವಾಪಸ್ ಬಂತು.

"ರೇಡಿಯೋ ಅಲ್ಲ, ನನ್ನ ಹೆಂಡತಿ," ಎಂದ. "ಸ್ವಲ್ಪ ಹೊತ್ತು ಕೇಳಿ."