‘ಕೀಂಯ್’ ಎಂದೇ ಬರೆದ ಕಿವಿಯಮ್ಮ

ಬೆಳಗಿನ ಐದೂವರೆ. ವಿಮಾನ ನಿಲ್ದಾಣದ ಟವರಿನ ಬುಡದಲ್ಲಿ ಕಿಟಕಿಯಿಲ್ಲದ ಕೋಣೆ. ಐವತ್ತಾರರ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯಲ್ಲ ಮತ್ತೆ! ನಿನ್ನೆ ಇಳಿದ ಎಂಬತ್ತೆರಡು ವಿಮಾನಗಳ ಪೈಲಟ್‌ಗಳು ಟವರಿನೊಂದಿಗೆ ಆಡಿದ ಮಾತಿನ ಟೇಪುಗಳನ್ನು ಒಂದೂ ಬಿಡದೆ ಕೇಳುತ್ತಿದ್ದಾರೆ. “ಕಣ್ಣು ಬಿಟ್ರೆ ಕಿವಿ ಸೋಮಾರಿ ಆಗುತ್ತೆ” ಅನ್ನುತ್ತಾರೆ.

ಟವರಿನವರು ಏನೇ ಹೇಳಲಿ, ಪೈಲಟ್ ಅದನ್ನೇ ತಿರುಗಿ ಒಪ್ಪಿಸಬೇಕು. ಆಗಲೇ ಮಾತು ತಲುಪಿತು ಅಂತ. ಇಬ್ಬರು ಪೈಲಟ್‌ಗಳು ಒಂದೇ ಗಳಿಗೆಯಲ್ಲಿ ಮಾತಾಡಲು ರೇಡಿಯೋ ಗುಂಡಿ ಒತ್ತಿದರೆ ಇಬ್ಬರ ಮಾತೂ ಕೆಟ್ಟು ‘ಕೀಂಯ್’ ಅನ್ನುತ್ತದೆ, ಅಷ್ಟೇ. ಹಾಗೆ ಅಂದಾಗೆಲ್ಲ ಟವರಿನವರು ಮತ್ತೆ ಕೇಳಿದರೋ ಇಲ್ಲವೋ ಎಂದು ಗುರುತು ಹಾಕುವುದು ಇವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಟೇಪು ಕೇಳುವುದೇ. ಜೊತೆಯವರು ತಮಾಷೆಗೆ ಇಟ್ಟ ‘ಕಿವಿಯಮ್ಮ’ ಎಂಬ ಹೆಸರೇ ನಿಂತುಬಿಟ್ಟಿದೆ. ಪಕ್ಕದ ಮನೆಯ ಗೇಟು ಕಿರ್ರೆಂದರೂ ಬೆಚ್ಚಿಬೀಳುತ್ತಾರೆ, ಪಾಪ.

ಬೆಚ್ಚದೆ ಇನ್ನೇನು? ಹನ್ನೆರಡು ವರ್ಷದ ಹಿಂದೆ, ಮಂಜು ಕವಿದ ಬೆಳಗು, ಟವರಿನಲ್ಲಿದ್ದದ್ದು ಇವರ ಸ್ವಂತ ಭಾವ, ಅಕ್ಕನ ಗಂಡ. ಇಳಿಯಲು ಬರುತ್ತಿದ್ದ ವಿಮಾನಕ್ಕೆ “ಇನ್ನೂ ಇಳಿಯಬೇಡಿ, ಅದೇ ಎತ್ತರದಲ್ಲಿರಿ” ಅಂದರು. ‘ಕೀಂಯ್’ ಅಂತು. ಪೈಲಟ್ ಒಪ್ಪಿಸಿದ ಅಂದುಕೊಂಡು ಭಾವ ಮುಂದಿನ ವಿಮಾನಕ್ಕೆ ಹೋದರು. ಗಡಿಬಿಡಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಆದರೆ ಆ ಸದ್ದು ಬೇರೆ ಇಬ್ಬರು ಪೈಲಟ್‌ಗಳದು. ಭಾವನ ಮಾತಿನ ಮೇಲೇ ಅವರು ಮಾತಾಡಿದ್ದರಿಂದ ಉತ್ತರ ಕೊಡಬೇಕಾದವನಿಗೆ ಅದು ಮುಟ್ಟಿರಲೇ ಇಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು. ಹತ್ತೊಂಬತ್ತು ಜನ ಹೋದರು.

ಟೇಪು ಕೇಳಿ ಬರೆಯಲು ಆ ದಿನ ಇದ್ದದ್ದು ಇವರೊಬ್ಬರೇ. ಮೇಲಿನವರು ಬಾಗಿಲು ಹಾಕಿಕೊಂಡು ಹೇಳಿದರಂತೆ: “ಉತ್ತರ ಬಂತು ಅಂತ ಬರೀರಮ್ಮ. ನಿಮ್ಮವರೇ ಅಲ್ವಾ? ಸತ್ತ ಪೈಲಟ್ ಬಂದು ಜಗಳ ಆಡಲ್ಲ.”

ಇವರು ಬರೆದದ್ದು: ‘ಕೀಂಯ್. ಮಾತು ಕೇಳಿಸಲಿಲ್ಲ.’

“ಬರೀವಾಗ ಸ್ವಾಮಿ, ಅಕ್ಕನ ಮಕ್ಕಳ ಮುಖ ಕಣ್ಮುಂದೆ. ಆದ್ರೆ ಆ ಪೈಲಟ್‌ಗೂ ಹೆಂಡ್ತಿ ಇದ್ಲಲ್ಲ?”

ಭಾವನ ಕೆಲಸ ಹೋಯಿತು. “ನನ್ನ ಮನೆ ಹಾಳು ಮಾಡಿದವಳು” ಎಂದ ಅಕ್ಕ ಅಂದಿನಿಂದ ಮಾತು ಬಿಟ್ಟಿದ್ದಾಳೆ. ತಾಯಿ ತೀರಿಕೊಂಡಾಗಲೂ ಆಡಲಿಲ್ಲ. ಕೀಂಯ್ ಅಂದರೆ ಮತ್ತೆ ಕೇಳಲೇಬೇಕು ಎಂಬ ನಿಯಮ ಬಂದದ್ದು ಮಾತ್ರ ಆ ಒಂದು ಸಾಲಿನಿಂದ. ನಿಯಮದ ಪುಸ್ತಕದಲ್ಲಿ ಇವರ ಹೆಸರು ಹುಡುಕಬೇಡಿ, ಇಲ್ಲ.

ಆಸೆ ಏನಮ್ಮಾ ಅಂದರೆ, “ಅಕ್ಕ ಒಂದ್ಸಲ ಬೈಲಿ ಸಾಕು. ಬಾಯ್ತುಂಬ ಬೈಲಿ” ಅನ್ನುತ್ತಾರೆ.

ಒಂಬತ್ತಕ್ಕೆ ಫೋನು ಬಡಿದುಕೊಳ್ಳುತ್ತದೆ. ದಿನಾ ಇದೇ ಹೊತ್ತಿಗೆ ಭಾವ ಮಾಡುತ್ತಾರಂತೆ, ಹೆಂಡತಿಗೆ ಗೊತ್ತಾಗದ ಹಾಗೆ. ಕೇಳುವುದು ಒಂದೇ ಪ್ರಶ್ನೆ.

“ಎಷ್ಟಮ್ಮಾ ಇವತ್ತು?”

“ಮೂರು ಕೀಂಯ್, ಭಾವ. ಮೂರಕ್ಕೂ ಮತ್ತೆ ಕೇಳಿದ್ದಾರೆ.”



“ನಾನೂ ಕೇಳಬೇಕಿತ್ತು ಕಣಮ್ಮ.”

ಕಿವಿಯಮ್ಮ ಫೋನಿಟ್ಟು, ಕಣ್ಣೊರೆಸಿಕೊಂಡು, ಇಂದಿನ ಹಾಳೆಗೆ ಸಹಿ ಹಾಕುತ್ತಾರೆ.