ನನ್ನ ಪ್ಲಗಿನ್ ಕಿತ್ತ ದಿನ

ಅವಳ ರೊಟ್ಟಿಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಹೊನವಾಡದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದರೂ ಅದು ಮಧ್ಯಾಹ್ನದವರೆಗೆ ಮೆತ್ತಗೇ ಇರುತ್ತಿತ್ತು. ವಿಜಯಪುರದ ಊರೊಳಗೇ ಮನೆಯಿದ್ದ ನನ್ನ ಡಬ್ಬಿಯ ರೊಟ್ಟಿ ತೊಗಲಿನಂತಾಗುತ್ತಿತ್ತು. ಒಬ್ಬರೇ ಗುರುಗಳ ಕೈಕೆಳಗೆ ಇಬ್ಬರೂ ಸಂಶೋಧನೆ ಮಾಡುತ್ತಿದ್ದೆವು. ನಾನು ಮೊದಲು ಸೇರಿದವಳು. ಅವಳು ಬಾಯಿತುಂಬ ಅಕ್ಕಾ ಅನ್ನುತ್ತಿದ್ದಳು. ಅದೂ ಚುಚ್ಚುತ್ತಿತ್ತು.

ನಮ್ಮ ಸಂಶೋಧನೆಯ ಸಾಫ್ಟ್‌ವೇರ್ ಚೌಕಟ್ಟು ಕಟ್ಟಿದವಳು ನಾನು. ಇರುವ ದಾರಿಗಳನ್ನೆಲ್ಲ ತೂಗಿ ನೋಡಲು ಕಂಪ್ಯೂಟರಿಗೂ ಪುರುಸೊತ್ತಿಲ್ಲದಾಗ, ಅಂದಾಜಿನ ಮೇಲೆ ಒಳ್ಳೆಯ ದಾರಿ ಹಿಡಿಯುವ ಉಪಾಯಗಳಿರುತ್ತವೆ. ಅಂಥ ಯಾರ ಉಪಾಯವನ್ನಾದರೂ ಪ್ಲಗಿನ್ ಮಾಡಿ ಈ ಚೌಕಟ್ಟಿಗೆ ಸಿಕ್ಕಿಸಬಹುದು, ಬೇಡವಾದರೆ ಕೀಳಬಹುದು. ಗೋಡೆಯ ಬೋರ್ಡಿಗೆ ಇವತ್ತು ಮಿಕ್ಸರ್, ನಾಳೆ ಇಸ್ತ್ರಿ ಇದ್ದ ಹಾಗೆ. ಬೋರ್ಡನ್ನು ಯಾರು ಹೊಗಳುತ್ತಾರೆ? ಅದಕ್ಕೇ ನಾನೂ ಒಂದು ಪ್ಲಗಿನ್ ಬರೆದೆ. ಹೊರಗಿನವರ ಮುಂದೆ ಗುರುಗಳು ಚೌಕಟ್ಟನ್ನು ತೋರಿಸುವ ದಿನ ಅದರೊಳಗೆ ನನ್ನದೇ ಓಡಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಪರೀಕ್ಷೆಗೆ ಆರಿಸಿಕೊಂಡದ್ದು ತಿಕೋಟಾ ಕಡೆಯ ದ್ರಾಕ್ಷಿ ತೋಟಗಳನ್ನು. ಬಳ್ಳಿ ಕತ್ತರಿಸುವ ಹೆಂಗಸರ ಗುಂಪನ್ನು ಒಂದೇ ಗಾಡಿ ಯಾವ ತೋಟದಿಂದ ಯಾವ ತೋಟಕ್ಕೆ ಒಯ್ಯಬೇಕು? ನನ್ನ ಪ್ಲಗಿನ್ ಹಿಡಿದ ದಾರಿ ಎಲ್ಲಕ್ಕಿಂತ ಹತ್ತಿರದ್ದು. ಅವಳೂ ಒಂದು ಪ್ಲಗಿನ್ ಬರೆದಿದ್ದಳು, ಅದು ಹಿಡಿದ ದಾರಿ ದೂರ. ಒಳಗೊಳಗೇ ಕುಣಿದೆ.

ಇಷ್ಟು ಸುತ್ತು ಯಾಕೆಂದು ಗುರುಗಳು ಅವಳನ್ನು ಕೇಳಿದರು.

"ಬುತ್ತಿಗಂಟು ಮುಂಜಾನಿ ಇಳದ ತ್ವಾಟದ ಗಿಡಕ್ಕ ಕಟ್ಟಿರ್ತಾರ್ರಿ ಸರ್. ಉಣ್ಣೂದು ಅಲ್ಲೇ. ಉಂಡ ಮ್ಯಾಲೇ ಮುಂದಿನ ತ್ವಾಟ."

ಗಂಟನ್ನು ಗಾಡಿಯಲ್ಲಿ ಒಯ್ದರಾಯಿತಲ್ಲ ಎಂದು ನಾನು ವಾದಿಸಿದೆ. ಉಣ್ಣುವ ಹೊತ್ತಿನತನಕ ಯಾರೂ ಅದಕ್ಕೆ ಕೈ ಹಚ್ಚುವುದಿಲ್ಲ ಅಕ್ಕಾ ಅಂದಳು. ನಾನು ಊಟವನ್ನು ಬರೀ ಒಂದು ಹೊತ್ತು ಎಂದು ಬರೆದಿದ್ದೆ. ಅವಳು ಒಂದು ಜಾಗ ಎಂದು ಬರೆದಿದ್ದಳು. ನನ್ನ ದಾರಿಯಲ್ಲಿ ಗಾಡಿ ಬುತ್ತಿಗಾಗಿ ಹಿಂದಕ್ಕೆ ಬರಬೇಕಿತ್ತು, ಅದನ್ನು ಕೂಡಿಸಿದರೆ ನನ್ನದೇ ದೂರ. ಬಿಜ್ಜರಗಿಯ ಸೋದರತ್ತೆಯ ತೋಟದಲ್ಲಿ, ಬೇವಿನ ಗಿಡಕ್ಕೆ ತೂಗುತ್ತಿದ್ದ ಆ ಗಂಟುಗಳನ್ನು ಶಾಲೆಯ ಸೂಟಿಯಲ್ಲೆಲ್ಲ ನೋಡುತ್ತ ಬೆಳೆದವಳು ನಾನು. ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೇ? ಸಿಟ್ಟು ನನ್ನ ಮೇಲೆ ಬರಬೇಕಿತ್ತು, ಅವಳ ಮೇಲೆ ಬಂತು.

ತೋರಿಸುವ ದಿನ ಗುರುಗಳು ಮೊದಲು ನನ್ನದನ್ನೇ ಓಡಿಸಿದರು. ನನಗೆ ಜೀವ ಬಂತು. ಆಮೇಲೆ ಎಲ್ಲರ ಕಣ್ಣೆದುರೇ ಅದನ್ನು ಕಿತ್ತು ಅವಳದನ್ನು ಸಿಕ್ಕಿಸಿದರು. ಚೌಕಟ್ಟು ಒಂದು ಗಳಿಗೆಯೂ ತಡವರಿಸಲಿಲ್ಲ. ಒಂದು ಸಾಲು ತಪ್ಪನ್ನಾದರೂ ತೋರಿಸಬಾರದಿತ್ತೇ! ಕಟ್ಟಿದವಳದ್ದೇ ಹೋಯಿತೆಂದು ಅದಕ್ಕೆ ಗೊತ್ತೇ ಆಗಲಿಲ್ಲ. ಗೊತ್ತಾಗದ ಹಾಗೆ ಕಟ್ಟಿದವಳು ನಾನೇ.

ಗುರುಗಳು ನನ್ನ ಕಡೆ ಕೈ ಮಾಡಿದರು. "ಈ ಚೌಕಟ್ಟು ಈಕಿ ಕೆಲಸ ನೋಡ್ರಿ. ಯಾರದ ತಗದ್ರೂ ಓಡೂದು ನಿಂದ್ರಂಗಿಲ್ಲ."

ಇಷ್ಟು ವರ್ಷ ಕಾದ ಹೊಗಳಿಕೆ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳದೇ ಎಲ್ಲಕ್ಕಿಂತ ಜೋರು. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿ, ಕೇಳದೇ ನನ್ನ ಮುಂದೆ ಒಂದು ರೊಟ್ಟಿ ಇಟ್ಟಳು. ಉಂಡೆ. ಹಾಳಾದ್ದು, ಅವತ್ತೂ ಮೆತ್ತಗೇ ಇತ್ತು.